ಮರದ ನೆಲ ಹಾಕುವ ಮುಂಚೆ: ಅಂಟು, ಪ್ಲೈವುಡ್, ರೀಪು – ನಿಮ್ಮ ಮನೆಗೆ ಯಾವ ತಯಾರಿ ಸರಿ?

ಕಳೆದ ಎರಡು ತಿಂಗಳಲ್ಲಿ ಮೂರು ಮನೆಯವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬರದು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್. ಈಗಿರುವ ವಿಟ್ರಿಫೈಡ್ ಟೈಲ್ಸ್ ಮೇಲೆ ತೇಗದ ಹಲಗೆ ಹಾಕಬೇಕು. ಇನ್ನೊಬ್ಬರು ಮಂಗಳೂರಿನ ಹತ್ತಿರ ಮನೆ ಕಟ್ಟಿಸುತ್ತಿದ್ದಾರೆ. ಪಾಯ ಮುಗಿದಿದೆ, ಕೆಳಗಿನ ಮಲಗುವ ಕೋಣೆಗೆ ಮರದ ನೆಲ ಬೇಕು. ಮೂರನೆಯವರು ಸಾಗರದ ಕಡೆಯವರು. ಅಜ್ಜನ ಮನೆಯ ಮಾಳಿಗೆ ಬಿಚ್ಚಿಸಿ ಹಲಗೆಗಳನ್ನು ಜೋಡಿಸಿಟ್ಟಿದ್ದಾರೆ. ಅವನ್ನು ಹೊಸ ಮನೆಯ ಮೇಲಿನ ಕೋಣೆಗೆ ಹಾಕಬೇಕು ಅನ್ನುವ ಆಸೆ.

ಮೂವರಿಗೂ ಮರ ಯಾವುದು ಅಂತ ಗೊತ್ತು. ಅದರ ಕೆಳಗೆ ಏನಿರಬೇಕು, ಹಾಕುವ ಮುಂಚೆ ಏನೇನು ಮಾಡಬೇಕು ಅನ್ನುವುದರಲ್ಲೇ ಗೊಂದಲ. ಒಬ್ಬ ಕಂಟ್ರಾಕ್ಟರ್ ಅಂಟು ಸಾಕು ಅನ್ನುತ್ತಾರೆ. ಇನ್ನೊಬ್ಬರು ಪ್ಲೈವುಡ್ ಇಲ್ಲದೆ ಆಗುವುದೇ ಇಲ್ಲ ಅನ್ನುತ್ತಾರೆ. ಊರಿನ ಆಚಾರ್ರು (ಬಡಗಿಗಳು) ರೀಪು, ಅಂದರೆ ಮರದ ಉದ್ದ ಪಟ್ಟಿ, ಹೊಡೆದು ಮೇಲೆ ಹಲಗೆ ಕೂರಿಸಿ ಅನ್ನುತ್ತಾರೆ. ಮೂವರು ಹೇಳುವುದೂ ಸರಿಯೇ, ಆದರೆ ಎಲ್ಲ ಮನೆಗೂ ಅಲ್ಲ.

ನಾನು ಇಲ್ಲಿ ಹೇಳುವುದು ಗಟ್ಟಿ ಮರದ ಹಲಗೆಯ ಬಗ್ಗೆ ಮಾತ್ರ. ಲ್ಯಾಮಿನೇಟ್, ಎಂಜಿನಿಯರ್ಡ್ ವುಡ್ ಥರದ ಪದರ ಅಂಟಿಸಿ ಮಾಡಿದ ಹಲಗೆಗಳ ಲೆಕ್ಕವೇ ಬೇರೆ.

ಮೊದಲು ನೋಡಬೇಕಾದದ್ದು ನೀರು

ಮರ ಕಡಿದು ಎಷ್ಟು ವರ್ಷವಾಗಿದ್ದರೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ. 50ರ ಹತ್ತಿರ ನಿಂತರೆ ಮರದೊಳಗಿನ ತೇವ ನಿಧಾನವಾಗಿ ಶೇ. 9ರ ಸುತ್ತ ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಶೇ. 65 ಇದ್ದರೆ ಮರದಲ್ಲಿ 12. ಶೇ. 80 ಇದ್ದರೆ 16. ಬೆಂಗಳೂರಿನ ಮನೆಯೊಂದರಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ಗೆ ಮರದ ತೇವ ನಾಲ್ಕೈದು ಅಂಕ ಏರುವುದು ಸಹಜ. ಕರಾವಳಿಯಲ್ಲಿ ಅದು 12ಕ್ಕಿಂತ ಕೆಳಗೆ ಇಳಿಯುವುದೇ ಕಡಿಮೆ.

ನಾಲ್ಕು ಅಂಕ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 120 ಮಿ.ಮೀ. ಅಗಲದ ತೇಗದ ಹಲಗೆ ತೇವ ನಾಲ್ಕು ಅಂಕ ಏರಿದರೆ ಅಗಲದಲ್ಲಿ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ. ನಾಲ್ಕು ಮೀಟರ್ ಅಗಲದ ಕೋಣೆಯಲ್ಲಿ ಇಂಥ ಮೂವತ್ತಮೂರು ಹಲಗೆ. ಎಲ್ಲ ಸೇರಿ ಹೆಚ್ಚು ಕಡಿಮೆ 3 ಸೆಂ.ಮೀ.! ಮೊಳೆ, ಅಂಟು ಅದನ್ನು ಒಂದಷ್ಟು ಹಿಡಿದಿಡುತ್ತವೆ. ಉಳಿದದ್ದಕ್ಕೆ ಜಾಗ ಬೇಕೇ ಬೇಕು. ಇದು ತೇಗದ ಲೆಕ್ಕ. ತೇಗ ಕಡಿಮೆ ಅಲುಗಾಡುವ ಮರ. ಓಕ್ ಆದರೆ ಸುಮಾರು ಎರಡರಷ್ಟು.

ಹೀಗಾಗಿ ನಾನು ಯಾವ ಮನೆಗೆ ಹೋದರೂ ಈ ಕ್ರಮದಲ್ಲಿ ನೋಡುತ್ತೇನೆ. ಕೆಳಗಿನ ಸಿಮೆಂಟು ಒಣಗಿದೆಯೇ? ಮರದ ತೇವ ಎಷ್ಟು, ಆ ಕೋಣೆಯ ಗಾಳಿಗೆ ಹೊಂದಿದೆಯೇ? ಬಾಗಿಲ ಕೆಳಗೆ ಎಷ್ಟು ಜಾಗವಿದೆ? ಗೆದ್ದಲು ಬರುವ ದಾರಿ ಇದೆಯೇ? ಕೆಳಗಿನ ಮನೆಯವರಿಗೆ ಸದ್ದು ಕೇಳುತ್ತದೆಯೇ? ಮುಂದೆ ಬಿಚ್ಚಬೇಕಾದರೆ ಬಿಚ್ಚಲು ಆಗುತ್ತದೆಯೇ? ದುಡ್ಡಿನ ಮಾತು ಇವೆಲ್ಲ ಆದ ಮೇಲೆ. ಇನ್ನೊಂದು ಪ್ರಶ್ನೆಯನ್ನು ಮನೆಯವರೇ ಕೇಳಿಕೊಳ್ಳಬೇಕು: ದಿನಾ ನೆಲ ಒರೆಸುವವರು ಯಾರು, ಹೇಗೆ ಒರೆಸುತ್ತಾರೆ? ಬಕೆಟ್ ನೀರು ಹಾಕಿ ತೊಳೆಯುವ ಅಭ್ಯಾಸವಿರುವ ಅಡುಗೆಮನೆ, ದೇವರ ಮನೆಗೆ ಮರ ಬೇಡ. ಅಲ್ಲಿ ಕಲ್ಲೋ ರೆಡ್ ಆಕ್ಸೈಡೋ ಇರಲಿ.

ನಮ್ಮ ಮನೆಯಲ್ಲೇ ಆದದ್ದು

ನಮ್ಮ ಮನೆಯ ಕೆಳಗಿನ ಕೋಣೆಗೆ ಫೆಬ್ರವರಿಯಲ್ಲಿ ಹೊಸ ಸಿಮೆಂಟ್ ಬೆಡ್ (ನೆಲದ ಕೆಳಗಿನ ಕಾಂಕ್ರೀಟ್ ಪದರ) ಹಾಕಿಸಿದೆವು. ಕೆಲಸ ಮಾಡಿಸಿದವರು "28 ದಿನ ಆಯ್ತಲ್ಲ ಸಾರ್, ಸೆಟ್ ಆಗಿದೆ" ಅಂದರು. ಮೇಲೆ ಕೈಯಿಟ್ಟರೆ ಒಣಗಿತ್ತು. ಮಾರ್ಚ್ ಕೊನೆಯಲ್ಲಿ ಹಲಗೆ ಹಾಕಿದೆವು. ಜೂನ್‌ನಲ್ಲಿ ಒಂದು ಬೆಳಿಗ್ಗೆ ಬರಿಗಾಲಲ್ಲಿ ನಡೆಯುವಾಗ ಅಂಚುಗಳು ಪಾದಕ್ಕೆ ತಾಗಿದವು. ಬಗ್ಗಿ ಮಟ್ಟಗೋಲು ಇಟ್ಟು ನೋಡಿದರೆ ಪ್ರತಿ ಹಲಗೆಯೂ ದೋಣಿಯ ಹಾಗೆ. ಅಂಚು ಎದ್ದಿದೆ, ನಡು ತಗ್ಗಿದೆ. ಕೆಳಗಿನಿಂದ ತೇವ ಏರಿ ಹಲಗೆಯ ಹೊಟ್ಟೆಭಾಗ ಹಿಗ್ಗಿತ್ತು, ಮೇಲ್ಭಾಗ ಹಾಗೇ ಇತ್ತು.

28 ದಿನ ಅನ್ನುವುದು ಕಾಂಕ್ರೀಟ್ ಬಲ ಪಡೆಯುವ ಲೆಕ್ಕ, ನೀರು ಬಿಡುವ ಲೆಕ್ಕ ಅಲ್ಲ. ಇವೆರಡನ್ನೂ ಒಂದೇ ಅಂದುಕೊಂಡದ್ದೇ ತಪ್ಪಾಯಿತು. ಒಣಗುವುದಕ್ಕೆ ಪ್ರತಿ ಇಂಚು ದಪ್ಪಕ್ಕೆ ಒಂದು ತಿಂಗಳು ಅಂತ ಇಟ್ಟುಕೊಳ್ಳಿ. ನಾಲ್ಕು ಇಂಚಾದರೆ ನಾಲ್ಕು ತಿಂಗಳು. ಮಳೆಗಾಲ ನಡುವೆ ಬಂದರೆ ಇನ್ನೂ ಜಾಸ್ತಿ.

ಎದ್ದ ಅಂಚನ್ನು ಅವಸರದಲ್ಲಿ ಸ್ಯಾಂಡಿಂಗ್ ಮಾಡಿ ತೆಗೆಸಬೇಡಿ. ಮುಂದೆ ಮರ ಒಣಗಿದಾಗ ತೆಗೆದ ಅಂಚೇ ತಗ್ಗಾಗಿ, ನಡು ಉಬ್ಬಿ ನಿಲ್ಲುತ್ತದೆ. ಮೊದಲು ತೇವದ ಮೂಲ ನಿಲ್ಲಬೇಕು, ಹಲಗೆ ಒಣಗಬೇಕು, ಆಮೇಲೆ ಸ್ಯಾಂಡಿಂಗ್.

ಸಿಮೆಂಟು ಒಣಗಿದೆಯೇ ಅಂತ ಮನೆಯಲ್ಲೇ ನೋಡುವುದು

45 ಸೆಂ.ಮೀ. ಉದ್ದ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲ ಗುಡಿಸಿ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಗಾಳಿ ನುಸುಳಬಾರದು. ಬಿಸಿಲು ಬೀಳದ ಜಾಗ ಇರಲಿ. ಒಂದು ಪೂರ್ತಿ ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಗೆ ಬೆವರಿದ ಹಾಗೆ ಹನಿ ಕೂತಿದ್ದರೆ, ಅಥವಾ ಹಾಳೆಯಿದ್ದ ಜಾಗದ ಸಿಮೆಂಟು ಸುತ್ತಲಿಗಿಂತ ಕಪ್ಪಾಗಿ ಚೌಕಾಕಾರದ ಕಲೆ ಕಂಡರೆ, ಇನ್ನೂ ಕಾಯಿರಿ. ಒಂದೇ ಕಡೆ ನೋಡಿ ಸುಮ್ಮನಾಗಬೇಡಿ. ಹೊರಗೋಡೆಯ ಪಕ್ಕ, ಬಚ್ಚಲುಮನೆಯ ಗೋಡೆಯ ಪಕ್ಕ, ನಡುಭಾಗ, ಹೀಗೆ ಮೂರು ಕಡೆ ಆದರೂ ನೋಡಿ.

ಹನಿ ಕಂಡರೆ ತೇವ ಇದೆ ಅಂತ ಖಂಡಿತ. ಕಾಣದಿದ್ದರೆ ಮೇಲ್ಭಾಗ ಒಣಗಿದೆ ಅಂತ ಮಾತ್ರ. ಒಳಗಿನ ಸ್ಥಿತಿ ಗೊತ್ತಾಗಬೇಕಾದರೆ ಸಿಮೆಂಟಿನಲ್ಲಿ ತೂತು ಕೊರೆದು ಒಳಗಿನ ತೇವ ಅಳೆಯುವ ಪರೀಕ್ಷೆ ಮಾಡಿಸಬೇಕು. ನೆಲಮಹಡಿಯಲ್ಲಿ, ಬೆಲೆಬಾಳುವ ಮರ ಹಾಕುವಾಗ ಆ ಖರ್ಚು ದಂಡವಲ್ಲ.

ಮರಕ್ಕೆ ಎರಡು ಸೂಜಿಯ ತೇವದ ಮೀಟರ್ ಬೇಕು. ಸಾಧಾರಣದ್ದು ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಇದೊಂದನ್ನು ಕೊಳ್ಳದೆ ಕೆಲಸಕ್ಕೆ ಇಳಿಯಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. "ಕಿಲ್ನ್‌ನಲ್ಲಿ ಒಣಗಿಸಿದ ಮಾಲು" (ಅಂದರೆ ಮರ ಒಣಗಿಸುವ ಬಿಸಿಗೂಡಿನಿಂದ ಬಂದದ್ದು) ಅನ್ನುವ ಮಾತನ್ನು ನಂಬಿ ಯಾರೂ ಮೋಸ ಹೋಗಬಾರದು.

ಮರವನ್ನು ಕೋಣೆಗೆ ಹೊಂದಿಸುವುದು

"ಎಷ್ಟು ದಿನ ಇಡಬೇಕು?" ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕ ಹಿಡಿಯಬೇಡಿ, ಮೀಟರಿನ ಅಂಕಿ ಹಿಡಿಯಿರಿ. ಹಲಗೆಗಳನ್ನು ಹಾಕುವ ಕೋಣೆಯಲ್ಲೇ ಪೇರಿಸಿ. ನೆಲದ ಮೇಲೆ ನೇರವಾಗಿ ಇಡಬೇಡಿ. ಪ್ರತಿ ಸಾಲಿನ ನಡುವೆ ಒಂದೂವರೆ–ಎರಡು ಅಡಿಗೊಂದು ತೆಳು ಪಟ್ಟಿ ಇಡಿ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು, ಇಲ್ಲವಾದರೆ ಹಲಗೆ ಬಾಗುತ್ತದೆ. ಪ್ಲಾಸ್ಟಿಕ್ ಸುತ್ತಿ ಬಂದಿದ್ದರೆ ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಹತ್ತು ದಿನ ಇಟ್ಟರೂ ಏನೂ ಪ್ರಯೋಜನವಿಲ್ಲ. ಗೋಡೆಯ ಗಾರೆ, ಪುಟ್ಟಿ, ಪೇಂಟು ಎಲ್ಲ ಮುಗಿದು ಒಣಗಿರಬೇಕು. ಕಿಟಕಿಗೆ ಗಾಜು ಬಂದಿರಬೇಕು.

ಹತ್ತು ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ನಂಬರ್ ಹಾಕಿ. ಮೂರು ದಿನಕ್ಕೊಮ್ಮೆ ಅವೇ ಹತ್ತನ್ನು ಅಳೆದು ತಾರೀಖಿನ ಜೊತೆ ಬರೆದಿಡಿ. ಅಂಕಿ ಬದಲಾಗದೆ ನಿಂತರೆ ಮರ ಹೊಂದಿದೆ ಅಂತ. ಕೆಳಗೆ ಪ್ಲೈವುಡ್ ಇದ್ದರೆ ಅದನ್ನೂ ಅಳೆಯಿರಿ. 3 ಇಂಚಿಗಿಂತ ಕಡಿಮೆ ಅಗಲದ ಹಲಗೆಯಾದರೆ ಎರಡರ ನಡುವಿನ ವ್ಯತ್ಯಾಸ ನಾಲ್ಕು ಅಂಕ ದಾಟಬಾರದು. ಅದಕ್ಕಿಂತ ಅಗಲವಾದರೆ ಎರಡು ಅಂಕ.

ಕಾಲದ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ದೀಪಾವಳಿ ಕಳೆದ ಮೇಲೆ ಹಾಕಿಸಿ. ಆಗ ಮರ ವರ್ಷದ ಏರಿಳಿತದ ನಡುವಲ್ಲಿರುತ್ತದೆ. ಏಪ್ರಿಲ್‌ನಲ್ಲಿ ಹಾಕಿದರೆ ಮುಂದೆ ಹಿಗ್ಗುವುದೇ ಜಾಸ್ತಿ, ಹಾಗಾಗಿ ಗೋಡೆಯ ಬದಿಯ ಸಂದಿ ದೊಡ್ಡದಿರಲಿ. ಆಗಸ್ಟ್‌ನಲ್ಲಿ ಬಿಗಿಯಾಗಿ ಹಾಕಿದರೆ ಬೇಸಿಗೆಯಲ್ಲಿ ಹಲಗೆಗಳ ನಡುವೆ ಸಂದಿ ಬಿಡುತ್ತದೆ. ಬೇಸಿಗೆಯ ಆ ಸಣ್ಣ ಸಂದಿಗೆ ಹೆದರಬೇಡಿ, ಗಟ್ಟಿ ಪುಟ್ಟಿಯನ್ನೂ ತುಂಬಬೇಡಿ. ಮಳೆಗಾಲದಲ್ಲಿ ಮರ ಹಿಗ್ಗುವ ಜಾಗ ಅದು.

ಮೂರು ದಾರಿಗಳು

*ನೇರ ಅಂಟು.* ಮೂರರಲ್ಲಿ ಎತ್ತರ ಕಡಿಮೆ ತಿನ್ನುವುದು ಇದೇ. 19 ಮಿ.ಮೀ. ಹಲಗೆ, ಅಂಟು ಸೇರಿ 22 ಮಿ.ಮೀ. ಒಳಗೆ ಮುಗಿಯುತ್ತದೆ. ಕಾಲಿಟ್ಟರೆ ಕಲ್ಲಿನ ಹಾಗೆ ಗಟ್ಟಿ, ಟೊಳ್ಳು ಸದ್ದಿಲ್ಲ. ಕೆಳಗೆ ಖಾಲಿ ಜಾಗ ಇಲ್ಲದ ಕಾರಣ ಗೆದ್ದಲಿಗೆ ಅಡಗಿ ಓಡಾಡಲು ದಾರಿ ಕಡಿಮೆ.

ಆದರೆ ತಯಾರಿಯಲ್ಲಿ ಅತಿ ಕಟ್ಟುನಿಟ್ಟು ಬೇಡುವುದೂ ಇದೇ. ನೆಲ ಮೂರು ಮೀಟರಿಗೆ 5 ಮಿ.ಮೀ.ಗಿಂತ ಜಾಸ್ತಿ ಏರುಪೇರಾಗಬಾರದು. ಉದ್ದದ ಮಟ್ಟಗೋಲು ಇಟ್ಟು ಎಲ್ಲ ದಿಕ್ಕಿಗೂ ನೋಡಿ. ಉಬ್ಬಿದ್ದರೆ ಗ್ರೈಂಡರ್ ಹಿಡಿಸಿ. ತಗ್ಗಿದ್ದರೆ ಸೆಲ್ಫ್ ಲೆವೆಲಿಂಗ್ (ತಾನೇ ಹರಿದು ಸಮವಾಗುವ) ಮಿಶ್ರಣ ಹಾಕಿಸಿ, ಅದನ್ನೂ ಒಣಗಲು ಬಿಡಿ. ತೇವದ ಅನುಮಾನ ಇದ್ದರೆ ಅಂಟಿನ ಕೆಳಗೆ ಎಪಾಕ್ಸಿ ತೇವತಡೆ ಬೇಕು. ಟೈಲ್ಸ್ ಮೇಲಾದರೆ ಪ್ರತಿ ಟೈಲನ್ನೂ ಕೋಲಿನಿಂದ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ತುಂಬಿಸಿ. ನುಣುಪನ್ನು ಗ್ರೈಂಡರಿನಿಂದ ಒರಟು ಮಾಡದೆ ಅಂಟು ಕಚ್ಚುವುದಿಲ್ಲ. ಅಂಟು ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್ ಜಾತಿಯದು, ಒಣಗಿದ ಮೇಲೂ ರಬ್ಬರಿನ ಹಾಗೆ ಎಳೆಯುವಂಥದ್ದು ಆಗಿರಬೇಕು. ಬಡಗಿಗಳು ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟಿನಲ್ಲಿ ನೀರಿದೆ, ಅದು ಇಲ್ಲಿಗೆ ಸಲ್ಲ. ಈ ಅಂಟೇ ಖರ್ಚಿನ ದೊಡ್ಡ ಪಾಲು. ಇನ್ನೊಂದು ವಿಷಯ: ಒಮ್ಮೆ ಅಂಟಿಸಿದ್ದನ್ನು ಹಲಗೆ ಹಾಳಾಗದ ಹಾಗೆ ಕೀಳಲು ಆಗುವುದಿಲ್ಲ. ಅಗಲದ ಹಲಗೆಗೂ ಇದು ಬೇಡ. 75–90 ಮಿ.ಮೀ. ಅಗಲದ್ದಾದರೆ ನೆಮ್ಮದಿ.

*ಪ್ಲೈವುಡ್ ಮೇಲೆ ಮೊಳೆ.* ಸಿಮೆಂಟಿನ ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಜೋಡಣೆಯಲ್ಲಿ 15–20 ಸೆಂ.ಮೀ. ಒಂದರ ಮೇಲೊಂದು ಬಂದು ಟೇಪ್ ಆಗಿರಬೇಕು. ಅದರ ಮೇಲೆ 18 ಮಿ.ಮೀ. ಪ್ಲೈವುಡ್ ಸ್ಕ್ರೂ ಮಾಡಿ, ಹಲಗೆಯ ಅಂಚಿನ ನಾಲಿಗೆಯ (ಪಕ್ಕದ ಹಲಗೆಯ ಸಂದಿಗೆ ಸೇರುವ ತೆಳು ಏಣು) ಮೂಲಕ ಓರೆಯಾಗಿ ಸುಮಾರು 20–25 ಸೆಂ.ಮೀ.ಗೊಂದು ಮೊಳೆ. ಒಟ್ಟು ಎತ್ತರ ಒಂದೂವರೆ ಇಂಚು. ಪ್ಲೈ ಹಾಳೆಗಳ ನಡುವೆ 3 ಮಿ.ಮೀ. ಬಿಡಿ, ಗೋಡೆಗೂ ತಾಗಿಸಬೇಡಿ. ಮೇಲಿನ ಮಹಡಿಗೆ ಐಎಸ್ 303 ಗುಣಮಟ್ಟದ ಪ್ಲೈ ನಡೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಐಎಸ್ 710 ಮೆರೈನ್ ಪ್ಲೈಗೆ ಹೋಗಿ.

ಈ ದಾರಿಯ ಲಾಭ ಎಂದರೆ ಸಣ್ಣಪುಟ್ಟ ತಪ್ಪನ್ನು ಪ್ಲೈ ತಾನೇ ನುಂಗಿಕೊಳ್ಳುತ್ತದೆ. ಹಾಳಾದ ಒಂದೆರಡು ಹಲಗೆ ಬದಲಿಸುವುದೂ ಸುಲಭ. ಆದರೆ ಪ್ಲೈ ಸ್ಕ್ರೂಗಳು ಪ್ಲಾಸ್ಟಿಕ್ ಹಾಳೆಯನ್ನು ತೂತು ಮಾಡುತ್ತವೆ. ಹಸಿ ನೆಲಮಹಡಿಗೆ ಹಾಳೆಯೊಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಪ್ಲೈ ಒಳಗೆ ಗೆದ್ದಲು ಸೇರಿದರೆ ಮೇಲೆ ತಿಳಿಯುವಾಗ ತಡವಾಗಿರುತ್ತದೆ.

*ರೀಪಿನ ಚೌಕಟ್ಟು.* ನಮ್ಮ ಹಳೆಯ ಮಾಳಿಗೆಗಳ ತೊಲೆ–ಹಲಗೆಯ ಲೆಕ್ಕವೇ ಇದು, ಸಣ್ಣ ಪ್ರಮಾಣದಲ್ಲಿ. 50×40 ಮಿ.ಮೀ. ರೀಪುಗಳನ್ನು 30–35 ಸೆಂ.ಮೀ.ಗೊಂದರಂತೆ ಕೂರಿಸಿ, ರಸಮಟ್ಟ ಇಟ್ಟು ಕೆಳಗೆ ಚಕ್ಕೆ ಕೊಟ್ಟು ಸಮ ಮಾಡಿ, ಮೇಲೆ ಹಲಗೆ. ನೆಲ ಎಷ್ಟೇ ಏರುಪೇರಿದ್ದರೂ ಸೆಲ್ಫ್ ಲೆವೆಲಿಂಗ್ ಖರ್ಚಿಲ್ಲ. ಹಲಗೆಯ ಕೆಳಗೆ ಗಾಳಿ ಆಡುತ್ತದೆ, ವೈರಿಂಗ್ ಪೈಪೂ ಹೋಗುತ್ತದೆ. ಅಗಲದ, ದಪ್ಪದ ಹಲಗೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೇಲಿನಿಂದ ಸ್ಕ್ರೂ ಹಾಕಿದ್ದರೆ ಮುಂದೆ ಪೂರ್ತಿ ಬಿಚ್ಚಿ ಇನ್ನೊಂದು ಮನೆಗೂ ಒಯ್ಯಬಹುದು.

ಬೆಲೆ ತೆರಬೇಕಾದದ್ದು ಎತ್ತರದಲ್ಲಿ. ಎರಡೂವರೆ ಇಂಚು ಹೋಗುತ್ತದೆ. ನಡೆದರೆ ದಬದಬ ಸದ್ದು. ರೀಪುಗಳ ನಡುವೆ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರು) ತುಂಬಿ, ಕೆಳಗೆ ರಬ್ಬರ್ ಪಟ್ಟಿ ಕೊಟ್ಟರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ ರೀಪಿನ ಮರ. ದುಡ್ಡು ಉಳಿಸಲು ಮೇಲೆ ತೇಗ ಹಾಕಿ ಕೆಳಗೆ ಹಸಿ ನೀಲಗಿರಿಯನ್ನೋ ಔಷಧಿ ಕಾಣದ ಸಿಲ್ವರ್ ಓಕನ್ನೋ ಹಾಕುವವರನ್ನು ನೋಡಿದ್ದೇನೆ. ಹಸಿ ನೀಲಗಿರಿ ಒಣಗುತ್ತಾ ತಿರುಚುತ್ತದೆ, ಸಿಲ್ವರ್ ಓಕ್ ಗೆದ್ದಲಿಗೆ ಹಬ್ಬದೂಟ. ಹಲಗೆಯಷ್ಟೇ ಒಣಗಿದ, ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣ ಕುಡಿಸಿ ಮತ್ತೆ ಒಣಗಿಸಿದ ರೀಪೇ ಬೇಕು.

ಮೂರರಲ್ಲಿ ಯಾವುದೇ ಆದರೂ ಗೋಡೆಯ ಸುತ್ತ ಹಲಗೆಯ ದಪ್ಪದಷ್ಟು, ಅಂದರೆ 15–20 ಮಿ.ಮೀ. ಸಂದಿ ಬಿಡಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಸ್ಕರ್ಟಿಂಗನ್ನು ಗೋಡೆಗೆ ಹೊಡೆಯಬೇಕು, ಹಲಗೆಗೆ ಅಲ್ಲ.

ಹೊಸ ಮರವೋ, ಮನೆಯ ಮರವೋ, ಹಳೆಯ ಹಲಗೆಯೋ

ಕಿಲ್ನ್‌ನಲ್ಲಿ ಒಣಗಿಸಿ, ಅಂಚು ಕತ್ತರಿಸಿ ಬರುವ ಹಲಗೆ ತಯಾರಿಯ ಸಮಯ ಉಳಿಸುತ್ತದೆ. ಯುರೋಪಿನಿಂದ ಬರುವ ಓಕ್ ಆದರೆ ಅಲ್ಲಿನ ಹೀಟರ್ ಇರುವ ಮನೆಗೆ ತಕ್ಕಂತೆ ಶೇ. 9ರ ಸುತ್ತ ಒಣಗಿರುತ್ತದೆ. ಕರಾವಳಿಗೆ ಅದು ಅತಿ ಒಣಗು. ಪೆಟ್ಟಿಗೆಯಿಂದ ತೆಗೆದು ನೇರ ಹಾಕಿದರೆ ಮಳೆಗಾಲದಲ್ಲಿ ಎದ್ದು ನಿಲ್ಲುತ್ತದೆ.

ತೋಟದ ಮರ ಕಡಿಸಿ ಹಲಗೆ ಮಾಡಿಸುವವರು ಮೊದಲು ಅರಣ್ಯ ಇಲಾಖೆಯಲ್ಲಿ ಅನುಮತಿ, ಸಾಗಣೆಯ ಪಾಸ್ ಬಗ್ಗೆ ವಿಚಾರಿಸಿ. ಸಾಮಿಲ್‌ನಲ್ಲಿ ಕೊಯ್ಸಿದ ಮೇಲೆ ನೆರಳಲ್ಲಿ, ಗಾಳಿಯಲ್ಲಿ ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು. ತುದಿಗಳಿಗೆ ಪೇಂಟ್ ಬಳಿದಿಡಿ, ಇಲ್ಲವಾದರೆ ತುದಿ ಬೇಗ ಒಣಗಿ ಸೀಳುತ್ತದೆ. ಮರದ ವಯಸ್ಸು ತೋರಿಸುವ ಸುತ್ತಿನ ಗೆರೆಗಳು ಹಲಗೆಯ ದಪ್ಪದಲ್ಲಿ ನೆಟ್ಟಗೆ ನಿಂತಂತೆ ಕೊಯ್ಸಿದರೆ ಮರ ಹಿಗ್ಗುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮರ ಒಂದಷ್ಟು ವ್ಯರ್ಥವಾಗುತ್ತದೆ, ಆದರೂ ನೆಲಕ್ಕೆ ಅದೇ ಮೇಲು.

ನನಗೆ ಹಳೆಯ ಹಲಗೆಯ ಮೇಲೆ ಪ್ರೀತಿ ಜಾಸ್ತಿ. ಅರ್ಧ ಶತಮಾನ ಒಣಗಿದ ಹೊನ್ನೆ, ಮತ್ತಿ, ತೇಗದ ಚೇಗು (ಮರದ ಗಟ್ಟಿ ಒಳತಿರುಳು) ಇವತ್ತು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ಕೆಲಸ ಎರಡರಷ್ಟು. ಬಲವಾದ ಅಯಸ್ಕಾಂತ ಆಡಿಸಿ ಅಡಗಿದ ಮೊಳೆ ಹುಡುಕಿ. ಒಂದು ಮುರುಕು ಮೊಳೆ ಸಾಕು, ಯಂತ್ರದ ಅಲಗು ಹೋಗುತ್ತದೆ. ಕುಟ್ಟೆ ಹುಳದ ತೂತು ಕಂಡರೆ ಕಪ್ಪು ಹಾಳೆಯ ಮೇಲೆ ಹಲಗೆಯನ್ನು ಕುಟ್ಟಿ ನೋಡಿ. ಹೊಸ ಬಿಳಿ ಹುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಅಂಥದ್ದನ್ನು ಬೇರೆ ಇಡಿ. ಒಂದು ಮಾತು ಮರೆಯಬೇಡಿ: ಮೊದಲು ಕೋಣೆಗೆ ಹೊಂದಿಸಿ, ಆಮೇಲೆ ಕೀಸುಳಿ ಹಿಡಿಸಿ. ಮೊದಲೇ ಕೀಸಿ ಅಂಚು ಕೊಯ್ಸಿಟ್ಟರೆ ಹೊಂದುವಾಗ ಅಳತೆ ತಪ್ಪುತ್ತದೆ.

ಪಾಲಿಶ್ ಬಗ್ಗೆ ಎರಡೇ ಮಾತು. ಕಾರ್ಖಾನೆಯಲ್ಲೇ ಪಾಲಿಶ್ ಆಗಿ ಬಂದದ್ದು ಬೇಗ ಮುಗಿಯುತ್ತದೆ, ಆದರೆ ಹಾಕಿದ ಮೇಲೆ ಸಮ ಮಾಡಲು ಆಗುವುದಿಲ್ಲ, ಹಾಗಾಗಿ ಕೆಳಗಿನ ನೆಲ ಇನ್ನೂ ಸಮ ಇರಬೇಕು. ಹಳೆಯ ಹಲಗೆಗೆ ಜಾಗದಲ್ಲೇ ಸ್ಯಾಂಡಿಂಗ್ ಮಾಡಿ ಪಾಲಿಶ್ ಕೊಡುವುದೇ ದಾರಿ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ.

ಮೂವರಿಗೂ ನಾನು ಹೇಳಿದ್ದು

ಬೆಂಗಳೂರಿನ ಫ್ಲ್ಯಾಟ್‌ಗೆ ನೇರ ಅಂಟು. ನಾಲ್ಕನೇ ಮಹಡಿಯ ಹಳೆಯ ಸ್ಲ್ಯಾಬ್, ತೇವದ ಚಿಂತೆ ಕಡಿಮೆ. ಬಾಗಿಲನ್ನು 15 ಮಿ.ಮೀ. ಕೊಯ್ಸಿದರೆ ಸಾಕು. ರಬ್ಬರಿನಂಥ ಅಂಟು ಕೆಳಗಿನ ಮನೆಗೆ ಸದ್ದನ್ನೂ ತಗ್ಗಿಸುತ್ತದೆ. ಮನೆ ಬಾಡಿಗೆಯದಾಗಿದ್ದರೆ, ಅಥವಾ ಐದು ವರ್ಷದಲ್ಲಿ ಮಾರುವ ಯೋಚನೆ ಇದ್ದಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ದುಡ್ಡು ಸಾಲದಿದ್ದರೆ ಒಂದು ಕೋಣೆಗೆ ಮಾತ್ರ ಮಾಡಿ, ಅಂಟಿನಲ್ಲಿ ಚೌಕಾಸಿ ಬೇಡ ಅಂದೆ.

ಮಂಗಳೂರಿನವರಿಗೆ ಅದೃಷ್ಟ ಇತ್ತು, ಯಾಕೆಂದರೆ ಬೆಡ್ ಇನ್ನೂ ಹಾಕಿರಲಿಲ್ಲ. ಗೆದ್ದಲಿನ ಔಷಧಿ ಹೊಡೆಸಿ, ಕಾಂಕ್ರೀಟಿನ ಕೆಳಗೆ 250 ಮೈಕ್ರಾನ್ ಹಾಳೆಯನ್ನು ಗೋಡೆಯ ಅಂಚಿನಲ್ಲಿ ಮೇಲೆ ಮಡಚಿ ಹಾಸಿ ಅಂದೆ. ಮನೆ ಕಟ್ಟಿದ ಮೇಲೆ ಎಷ್ಟು ಖರ್ಚು ಮಾಡಿದರೂ ಆ ಹಾಳೆಯನ್ನು ಕೆಳಗೆ ಸೇರಿಸಲು ಆಗುವುದಿಲ್ಲ, ಅಲ್ವಾ? ಬೆಡ್ ಒಣಗಿದ ಮೇಲೆ ಎಪಾಕ್ಸಿ, ಅದರ ಮೇಲೆ ಅಂಟು, 75 ಮಿ.ಮೀ. ಅಗಲದ ತೇಗ. ಗೃಹಪ್ರವೇಶಕ್ಕೆ ನೆಲ ಮುಗಿಯಲೇಬೇಕು ಅಂತ ಹಟ ಇದ್ದರೆ ಆ ಕೋಣೆಗೆ ಸದ್ಯ ಚಾಪೆ ಹಾಸಿ ಪ್ರವೇಶ ಮಾಡಿ, ಮರ ಆಮೇಲೆ ಬರಲಿ ಅಂತಲೂ ಹೇಳಿದೆ.

ಸಾಗರದವರ ಹಲಗೆಗಳು ಒಂಬತ್ತು ಇಂಚು ಅಗಲ, ಇಂಚಿಗಿಂತ ದಪ್ಪ. ಅವಕ್ಕೆ ರೀಪೇ ಸರಿ. ಮೇಲಿನ ಕೋಣೆ, ಬಾಗಿಲ ಚೌಕಟ್ಟು ಇನ್ನೂ ಕೂರಿಸಿಲ್ಲ, ಎತ್ತರದ ತೊಂದರೆಯೂ ಇಲ್ಲ. ಪ್ರತಿ ರೀಪಿನ ಮೇಲೆ ಎರಡೆರಡು ಸ್ಕ್ರೂ, ಹಲಗೆಯ ತೂತು ಸ್ಕ್ರೂಗಿಂತ ತುಸು ದೊಡ್ಡದು, ಮರ ಅಲುಗಾಡಲು ಅಷ್ಟು ಜಾಗ. ಮೀಟರನ್ನು ನಾನೇ ಕೊಟ್ಟು ಬಂದೆ. ಮೊದಲ ವಾರ ಜುಲೈ ಮಳೆಯಲ್ಲಿ ಹತ್ತೂ ಹಲಗೆ 17, 18 ತೋರಿಸಿದವಂತೆ. ಮೊನ್ನೆ ಫೋನಿನಲ್ಲಿ 15 ಅಂದರು. ಇನ್ನೂ ಪಟ್ಟಿಯ ಮೇಲೇ ಇರಲಿ, ಮಳೆ ಬಿಟ್ಟು ಅಂಕಿ 13ಕ್ಕೆ ಬಂದು ನಿಂತ ಮೇಲೆ ಆಚಾರ್ರನ್ನು ಕರೆಯಿರಿ ಅಂದಿದ್ದೇನೆ.